ಕೆಲಸ ಹೋದ ಮೇಲೆ ಮಗುವಿನ ಲೆಕ್ಕ

2023ರ ಮಾರ್ಚ್‌ನಲ್ಲಿ ನನ್ನ ಕೆಲಸ ಹೋಯಿತು. ಆ ಹೊತ್ತಿಗೆ ನಾವು ಮಗುವಿಗಾಗಿ ಚಿಕಿತ್ಸೆ ಆರಂಭಿಸಿ ಕೆಲವು ತಿಂಗಳುಗಳಾಗಿದ್ದವು. ಈ ಎರಡೂ ಒಟ್ಟಿಗೆ ಎದುರಾದಾಗ ನಾವು ಯಾವ ಯಾವ ತೀರ್ಮಾನಗಳನ್ನು ತೆಗೆದುಕೊಂಡೆವು, ಅವುಗಳ ಹಿಂದೆ ಎಂಥ ಲೆಕ್ಕಾಚಾರವಿತ್ತು ಎಂಬುದನ್ನು ಆದಷ್ಟು ನಿಖರವಾಗಿ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಐಟಿ ಕಂಪನಿಗಳು ಜನರನ್ನು ತೆಗೆದುಹಾಕಿದ ಸುದ್ದಿ ಬಂದಾಗಲೆಲ್ಲ ಸಂಬಳ, ಮನೆಸಾಲದ ಕಂತು, ಮನಸ್ಸಿನ ಒತ್ತಡ ಇವುಗಳ ಬಗ್ಗೆ ಸಾಕಷ್ಟು ಚರ್ಚೆಯಾಗುತ್ತದೆ. ತಡವಾಗಿ ಹುಟ್ಟಿದ ಅಥವಾ ಹುಟ್ಟದೇ ಉಳಿದ ಮಕ್ಕಳ ವಿಷಯ ಆ ಚರ್ಚೆಯಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಹೆಂಗಸರು ನಮ್ಮನಮ್ಮಲ್ಲೇ ಮಾತಾಡಿಕೊಳ್ಳುತ್ತೇವೆ, ಅಷ್ಟೇ.

ನಾನು ಹಾಸನ ಜಿಲ್ಲೆಯ ಅರಕಲಗೂಡು ಕಡೆಯವಳು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದೆ. 2018ರಲ್ಲಿ, ನನಗೆ 29 ತುಂಬಿದ್ದಾಗ, ಮದುವೆಯಾಯಿತು. ನನ್ನ ಗಂಡ ತಿಪಟೂರಿನವರು, ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಇಬ್ಬರು ಮಕ್ಕಳಿರಲಿ ಎಂಬುದು ಮದುವೆಗೆ ಮೊದಲೇ ನಾವು ಮಾತಾಡಿಕೊಂಡಿದ್ದ ಸಂಗತಿ. ಮೊದಲೆರಡು ವರ್ಷ ಸಂಸಾರ ಒಂದು ಹದಕ್ಕೆ ಬರಲಿ ಎಂದು ಕಾದೆವು. ಅಷ್ಟರಲ್ಲಿ ಕೋವಿಡ್ ಬಂತು. ಆಸ್ಪತ್ರೆಗಳ ಸ್ಥಿತಿ ನೋಡಿ ಆಗ ಬೇಡವೆಂದುಕೊಂಡೆವು. ಆಮೇಲೆ ಫ್ಲಾಟ್ ಕೊಂಡೆವು, ಅದರ ಕಂತು ಇಬ್ಬರ ಸಂಬಳವನ್ನೂ ನಂಬಿಕೊಂಡಿತ್ತು. 2022ರ ದಸರಾ ಹೊತ್ತಿಗೆ ಇನ್ನು ತಡಮಾಡುವುದು ಬೇಡವೆಂದು ತೀರ್ಮಾನಿಸಿದಾಗ ನನಗೆ 33 ವರ್ಷ.

ಆ ತೀರ್ಮಾನದ ತಳಹದಿ ನನ್ನ ಕೆಲಸವೇ ಆಗಿತ್ತು ಎಂಬುದು ಅದು ಹೋದ ಮೇಲೆ ಸರಿಯಾಗಿ ಅರ್ಥವಾಯಿತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರುವವರಿಗೆ 26 ವಾರಗಳ ಸಂಬಳಸಹಿತ ರಜೆ ಸಿಗುತ್ತಿತ್ತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕು. ನಮ್ಮ ಕಚೇರಿಯ ಕೆಳಮಹಡಿಯಲ್ಲಿ ಅಂಥದ್ದೊಂದು ಕೇಂದ್ರವಿತ್ತು; ಊಟಕ್ಕೆ ಹೋಗುವಾಗ ಅದರ ಗಾಜಿನ ಬಾಗಿಲಾಚೆ ಮಕ್ಕಳು ಮಲಗಿರುವುದನ್ನು ನೋಡಿಕೊಂಡೇ ಹೋಗುತ್ತಿದ್ದೆ. ಕಂಪನಿಯ ಗುಂಪು ವಿಮೆಯಲ್ಲಿ ಹೆರಿಗೆಯ ಖರ್ಚು ಸೇರಿತ್ತು, ಅದಕ್ಕೆ ಕಾಯುವ ಅವಧಿಯೂ ಇರಲಿಲ್ಲ. ಎಂಟು ವರ್ಷ ಅಲ್ಲಿ ದುಡಿದಿದ್ದರಿಂದ ನನ್ನ ತಂಡಕ್ಕೆ ನಾನೇನು ಎಂಬುದು ಗೊತ್ತಿತ್ತು. ಆರು ತಿಂಗಳು ಇಲ್ಲದೆ ಹೋದರೂ ಮರಳಿ ಬಂದಾಗ ನನ್ನ ಜಾಗ ಇರುತ್ತದೆಂಬ ಭರವಸೆ ಇತ್ತು. ಮಗುವನ್ನು ನಾನು ಕಲ್ಪಿಸಿಕೊಂಡಿದ್ದೇ ಈ ಎಲ್ಲದರ ನಡುವೆ.

ಮಲ್ಲೇಶ್ವರದ ಆಸ್ಪತ್ರೆಯೊಂದರಲ್ಲಿ ಮೊದಲು ರಕ್ತಪರೀಕ್ಷೆಗಳಾದವು. ಅಂಡಾಶಯದಲ್ಲಿ ಉಳಿದಿರುವ ಅಂಡಗಳ ಪ್ರಮಾಣವನ್ನು ಸೂಚಿಸುವ ಎಎಂಎಚ್ ಎಂಬ ಹಾರ್ಮೋನಿನ ಮಟ್ಟ ನನ್ನ ವಯಸ್ಸಿಗೆ ಸ್ವಲ್ಪ ಕಡಿಮೆಯೇ ಇತ್ತು. 'ಇದು ಎಷ್ಟು ಉಳಿದಿದೆ ಅಂತ ಮಾತ್ರ ಹೇಳುತ್ತೆ, ಹೇಗಿದೆ ಅಂತ ಹೇಳಲ್ಲ. ಗಾಬರಿ ಬೇಡ, ಆದರೆ ಮುಂದಕ್ಕೆ ಹಾಕಬೇಡಿ' ಎಂದರು ವೈದ್ಯೆ. ಫೋಲಿಕ್ ಆಸಿಡ್ ಮಾತ್ರೆ, ಥೈರಾಯ್ಡಿಗೆ ಮಾತ್ರೆ ಶುರುವಾದವು. ಸಹಜವಾಗಿ ಒಂದಷ್ಟು ಕಾಲ ಪ್ರಯತ್ನಿಸಿ, ಆಗದಿದ್ದಾಗ, ಅಂಡ ಬಲಿಯುವುದನ್ನು ಸ್ಕ್ಯಾನಿನಲ್ಲಿ ನೋಡಿಕೊಂಡು ಗಂಡನ ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಐಯುಐ ವಿಧಾನಕ್ಕೆ ಬಂದೆವು. ಮುಟ್ಟಿನ ಒಂಬತ್ತನೆಯ ದಿನದಿಂದ ಆಚೆ ಎರಡು ದಿನಕ್ಕೊಮ್ಮೆ ಸ್ಕ್ಯಾನ್. ಒಳಗಿದ್ದ ವೈದ್ಯೆ ಪರದೆ ನೋಡುತ್ತಾ 'ಬಲಗಡೆ 14, ಎಡಗಡೆ 10' ಎಂದು ಮಿಲಿಮೀಟರುಗಳಲ್ಲಿ ಹೇಳುತ್ತಿದ್ದರೆ, ಪಕ್ಕದಲ್ಲಿ ಕೂತ ಸಹಾಯಕಿ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದಳು. 18ರ ಆಸುಪಾಸಿಗೆ ಬಂದರೆ ಅಂಡ ಬಿಡುಗಡೆಯಾಗಲು ಒಂದು ಇಂಜೆಕ್ಷನ್. ಅದಾದ ಸುಮಾರು 36 ಗಂಟೆಗೆ ಐಯುಐ.

ಕೆಲಸ ಹೋದ ದಿನ ಬೆಳಗ್ಗೆ ಸ್ಕ್ಯಾನ್ ಇತ್ತು. ಬಲಗಡೆ 18 ಬಂತು. ಅದೇ ರಾತ್ರಿ ಹತ್ತು ಗಂಟೆಗೆ ಇಂಜೆಕ್ಷನ್ ಹಾಕಿಸಿಕೊಳ್ಳಿ ಎಂದು ಚೀಟಿ ಬರೆದುಕೊಟ್ಟರು. ಔಷಧದಂಗಡಿಯವರು ಅದನ್ನು ಐಸ್ ಪ್ಯಾಕ್ ಸುತ್ತಿ ಕೊಟ್ಟರು. ಮನೆಗೆ ತಂದು ಫ್ರಿಜ್ಜಿನ ಬಾಗಿಲಿನಲ್ಲಿ, ಮೊಸರಿನ ಡಬ್ಬಿಯ ಪಕ್ಕ ಇಟ್ಟು ಲ್ಯಾಪ್‌ಟಾಪ್ ತೆರೆದೆ. ಮಧ್ಯಾಹ್ನ ಎಚ್‌ಆರ್ ಜೊತೆ ವಿಡಿಯೋ ಕರೆ ಇತ್ತು. ಮಾತುಕತೆ ಹತ್ತು ನಿಮಿಷಕ್ಕೆ ಮುಗಿಯಿತು. ನಮ್ಮ ಪ್ರಾಜೆಕ್ಟಿನ ಅಮೆರಿಕದ ಗ್ರಾಹಕರು ಒಪ್ಪಂದ ಮುಂದುವರಿಸುತ್ತಿಲ್ಲ, ನಾನು ಅಂದೇ ರಾಜೀನಾಮೆ ಪತ್ರ ಸಲ್ಲಿಸಿದರೆ ಎರಡು ತಿಂಗಳ ಸಂಬಳ ಕೊಡುತ್ತಾರೆ, ಅನುಭವ ಪತ್ರದಲ್ಲಿ ತೆಗೆದುಹಾಕಿದ್ದು ಎಂದು ಬರುವುದಿಲ್ಲ. ಸಂಜೆಯ ಹೊತ್ತಿಗೆ ಕಚೇರಿಯ ಇಮೇಲ್ ತೆರೆಯುತ್ತಿರಲಿಲ್ಲ. ವಿಮೆ ಯಾವಾಗಿನವರೆಗೆ ಇರುತ್ತದೆ ಎಂದು ಕೇಳಿದ್ದಕ್ಕೆ, ಕೆಲಸದ ಕೊನೆಯ ದಿನದವರೆಗೆ, ಅಂದರೆ ಈ ದಿನದವರೆಗೆ, ಎಂಬ ಉತ್ತರ ಬಂತು.

ನನ್ನ ಗಂಡ ಪೀಣ್ಯದಿಂದ ಬರುವಾಗ ಏಳೂವರೆ. ಇಂಜೆಕ್ಷನ್ನಿಗೆ ಇನ್ನೂ ಎರಡೂವರೆ ಗಂಟೆ ಇತ್ತು. ಕೆಲಸ ಹೋಗಿದ್ದಕ್ಕೆ ದುಃಖಪಡಲು ನಮಗೆ ಪುರುಸೊತ್ತೇ ಆಗಲಿಲ್ಲ, ಏಕೆಂದರೆ ಅದಕ್ಕಿಂತ ಮೊದಲು ಈ ಇಂಜೆಕ್ಷನ್ನಿನ ವಿಚಾರ ತೀರ್ಮಾನವಾಗಬೇಕಿತ್ತು. ಈ ತಿಂಗಳು ಗರ್ಭ ನಿಂತರೆ ಹೆರಿಗೆ ಡಿಸೆಂಬರಿಗೆ. ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕೀತೆ? ಸಂದರ್ಶನಕ್ಕೆ ಹೋಗುವ ಹೊತ್ತಿಗೆ ಹೊಟ್ಟೆ ಕಾಣಿಸಲು ಶುರುವಾಗಿರುತ್ತದೆ. ಸಿಗದಿದ್ದರೆ, ಮಗುವಿಗೆ ಆರು ತಿಂಗಳು ತುಂಬುವವರೆಗೆ ಹುಡುಕುವಂತಿಲ್ಲ. ಅಲ್ಲಿಗೆ ಒಂದು ವರ್ಷಕ್ಕಿಂತ ಹೆಚ್ಚು ಖಾಲಿ. ನನ್ನ ಕ್ಷೇತ್ರದಲ್ಲಿ ಆಗ ಕೈಯಿಂದ ಮಾಡುವ ಟೆಸ್ಟಿಂಗ್ ಕೆಲಸ ಕಡಿಮೆಯಾಗಿ ಎಲ್ಲವೂ ಆಟೋಮೇಷನ್ನಿಗೆ ಹೊರಳುತ್ತಿತ್ತು. ಒಂದು ವರ್ಷ ಹೊರಗಿದ್ದವಳನ್ನು ಹನ್ನೊಂದು ವರ್ಷದ ಅನುಭವದ ಸಂಬಳಕ್ಕೆ ಯಾರು ಕರೆಯುತ್ತಾರೆ? ಸಾಲದ ಕಂತು ಇವರ ಸಂಬಳದ ಅರ್ಧಕ್ಕಿಂತ ಹೆಚ್ಚನ್ನು ತಿನ್ನುತ್ತಿತ್ತು. ಇವರ ಕಂಪನಿಯ ವಿಮೆಯಲ್ಲಿ ಹೆರಿಗೆಯ ಖರ್ಚು ಸೇರಿರಲಿಲ್ಲ. ಹತ್ತು ಗಂಟೆ ದಾಟಿತು. ನಾವು ಇಂಜೆಕ್ಷನ್ ಹಾಕಿಸಿಕೊಳ್ಳಲು ಹೋಗಲಿಲ್ಲ. ಬೇಡವೆಂದು ಇಬ್ಬರಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ, ಹೇಳದೆಯೇ ತೀರ್ಮಾನವಾಗಿತ್ತು.

ಮುಂದಿನ ದಿನಗಳಲ್ಲಿ ಮಾಡಿದ ಮೊದಲ ಕೆಲಸವೆಂದರೆ ವಿಮೆಯ ವಿಚಾರಣೆ. ಗುಂಪು ವಿಮೆಯಿಂದ ಹೊರಬಿದ್ದವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ ಎಂಬುದು ಆಗ ತಿಳಿಯಿತು. ನಾನು ಅರ್ಜಿ ಹಾಕಿ ಬದಲಾಯಿಸಿಕೊಂಡೆ, ಹಳೆಯ ಕಾಯಿಲೆಗಳ ಮಟ್ಟಿಗೆ ಅದು ಉಪಯೋಗಕ್ಕೂ ಬಂತು. ಹೆರಿಗೆಯ ಮಟ್ಟಿಗೆ ಮಾತ್ರ ಕತೆಯೇ ಬೇರೆ. ನಾವು ವಿಚಾರಿಸಿದ ವೈಯಕ್ತಿಕ ಪಾಲಿಸಿಗಳಲ್ಲಿ ಕೆಲವಕ್ಕೆ ಹೆರಿಗೆಯ ರಕ್ಷಣೆಯೇ ಇರಲಿಲ್ಲ, ಇದ್ದವುಗಳಲ್ಲಿ ಎರಡರಿಂದ ನಾಲ್ಕು ವರ್ಷ ಕಾಯಬೇಕಿತ್ತು. 34ರ ಹೊಸ್ತಿಲಲ್ಲಿದ್ದವಳಿಗೆ, ಎಎಂಎಚ್ ಇಳಿಯುತ್ತಿದ್ದವಳಿಗೆ, ನಾಲ್ಕು ವರ್ಷ ಕಾದು ಹೆರು ಎನ್ನುವ ವಿಮೆ ಇದ್ದರೇನು, ಇಲ್ಲದಿದ್ದರೇನು?

ಆಮೇಲೆ ಕಾನೂನು ಓದಿದೆ. ನನ್ನ ಜೊತೆಗೇ ಪಟ್ಟಿಯಲ್ಲಿದ್ದ ಸಹೋದ್ಯೋಗಿಯೊಬ್ಬಳು ಆಗ ಐದು ತಿಂಗಳ ಬಸುರಿ. ಅವಳಿಗೂ ರಾಜೀನಾಮೆ ಕೊಡಲು ಹೇಳಿದ್ದರು. ಅವಳ ಅಣ್ಣ ವಕೀಲ. ಏನೇ ಆದರೂ ರಾಜೀನಾಮೆಗೆ ಸಹಿ ಹಾಕಬೇಡವೆಂದು ತಡೆದಿದ್ದ. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12ನೆಯ ಸೆಕ್ಷನ್ ಪ್ರಕಾರ, ಗರ್ಭಿಣಿಯನ್ನು ಕೆಲಸದಿಂದ ತೆಗೆದುಹಾಕಿದರೂ, ತೆಗೆಯದಿದ್ದಲ್ಲಿ ಅವಳಿಗೆ ಸಲ್ಲಬೇಕಾಗಿದ್ದ ಹೆರಿಗೆ ಸೌಲಭ್ಯವನ್ನು ತಪ್ಪಿಸುವಂತಿರಲಿಲ್ಲ. ಹಾಗೆ ತಪ್ಪಿಸಿದರೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದಿತ್ತು. ತಾನಾಗಿಯೇ ಬಿಟ್ಟು ಹೋದೆ ಎಂದು ಬರೆದುಕೊಟ್ಟರೆ ಈ ಹಕ್ಕನ್ನು ಸಾಧಿಸುವುದು ಬಹಳ ಕಷ್ಟ. ಅವಳು ಸೆಕ್ಷನ್ ಹೆಸರಿಸಿ ಪತ್ರ ಬರೆದಳು. ಕೆಲವು ವಾರಗಳ ಎಳೆದಾಟದ ನಂತರ ಕಂಪನಿ 26 ವಾರಗಳ ಹಣ ಕೊಟ್ಟಿತು. ಈ ಒಂದು ಸಂಗತಿಯನ್ನಾದರೂ ಓದುವ ಹೆಣ್ಣುಮಕ್ಕಳು ಗಮನದಲ್ಲಿಟ್ಟುಕೊಳ್ಳಲಿ ಎಂದು ನನ್ನ ಆಸೆ: ಗರ್ಭಿಣಿಯಾಗಿರುವಾಗ, ಎಷ್ಟೇ ಒಳ್ಳೆಯ ಮಾತಿನಲ್ಲಿ ಕೇಳಿದರೂ, ಯೋಚಿಸಲು ಸಮಯ ಕೇಳದೆ ರಾಜೀನಾಮೆ ಪತ್ರಕ್ಕೆ ಸಹಿ ಮಾಡಬಾರದು.

ನನ್ನ ಪರಿಸ್ಥಿತಿಗೆ ಮಾತ್ರ ಯಾವ ಸೆಕ್ಷನ್ನೂ ಇರಲಿಲ್ಲ. ಕಾನೂನು ಗರ್ಭಿಣಿಯನ್ನು ಗುರುತಿಸುತ್ತದೆ, ಬಾಣಂತಿಯನ್ನು ಗುರುತಿಸುತ್ತದೆ. ಗರ್ಭಕ್ಕಾಗಿ ತಿಂಗಳುಗಟ್ಟಲೆ ಸ್ಕ್ಯಾನ್ ಮಾಡಿಸಿಕೊಳ್ಳುತ್ತಾ, ಹಾರ್ಮೋನು ನುಂಗುತ್ತಾ ಇರುವವಳಿಗೆ ಅದರಲ್ಲಿ ಜಾಗವಿಲ್ಲ. ಎಚ್‌ಆರ್ ಮಹಿಳೆಗೆ ನಾನು ಚಿಕಿತ್ಸೆಯ ವಿಷಯ ಹೇಳಿರಲಿಲ್ಲ. ಹೇಳಿದ್ದರೂ ಅವರ ಮುಂದಿದ್ದ ಹಾಳೆಯಲ್ಲಿ ಅದನ್ನು ಬರೆದುಕೊಳ್ಳಲು ಅಂಕಣವೇ ಇರಲಿಲ್ಲವೇನೋ.

ಮನೆಯವರಿಗೆ ವಿಷಯ ತಿಳಿಸಿದ ಮೇಲೆ ಎರಡೂ ಕಡೆಯಿಂದ ಫೋನ್ ಬರತೊಡಗಿತು. ಅತ್ತೆ ಒಳ್ಳೆಯ ಮನಸ್ಸಿನವರು, ನನ್ನ ಮೇಲೆ ಅಕ್ಕರೆ ಇರುವವರು. ಅವರು ಹೇಳಿದ್ದು ಇಷ್ಟು: 'ಹೆಂಗೂ ಮನೇಲೇ ಇದ್ದೀಯಲ್ಲಮ್ಮ, ಈಗ್ಲೇ ಒಂದು ಆಗೋಗ್ಲಿ. ಕೆಲಸ ಎಲ್ಲಿಗ್ ಹೋಗುತ್ತೆ, ಆಮೇಲೆ ನೋಡ್ಕೊಂಡ್ರಾಯ್ತು.' ಆ ದಿನಗಳಲ್ಲಿ ಇದೇ ಮಾತನ್ನು ನೆರೆಯವರು, ಗೆಳತಿಯರು, ಕೊನೆಗೆ ಔಷಧದಂಗಡಿಯ ಪರಿಚಯದವರು ಕೂಡ ಹೇಳಿದರು. ಕೆಲಸವಿಲ್ಲದ ಹೆಂಗಸಿಗೆ ಬಿಡುವು ಸಿಕ್ಕಿದೆ, ಮಗುವಿಗೆ ಬೇಕಾದದ್ದು ಬಿಡುವು, ಆದ್ದರಿಂದ ಇದಕ್ಕಿಂತ ಒಳ್ಳೆಯ ಕಾಲವಿಲ್ಲ ಎಂಬ ತರ್ಕ ಮೇಲುನೋಟಕ್ಕೆ ಎಷ್ಟು ಸರಿಯಾಗಿ ಕಾಣುತ್ತದೆಂದರೆ, ಅದನ್ನು ಅಲ್ಲಗಳೆಯಲು ನನಗೂ ಹಲವು ದಿನ ಬೇಕಾದವು. ನಮ್ಮ ಅಮ್ಮ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಅವಳು ಬೇರೆಯದೇ ಹೇಳಿದಳು: 'ಮೊದಲು ಕೆಲಸ ಹಿಡಿ ಕಣೇ. ನಾನು ನಿಮ್ಮಿಬ್ಬರನ್ನ ಹೆರೋಕೆ ರಜೆ ಹಾಕಿ ಹೋದಾಗ ಶಾಲೇಲಿ ನನ್ನ ಕುರ್ಚಿ ಅಲ್ಲೇ ಇರುತ್ತೆ ಅಂತ ಗೊತ್ತಿತ್ತು. ಆ ಧೈರ್ಯಕ್ಕೇ ಹೆತ್ತೆ.'

ಅಮ್ಮನ ಮಾತು ನನ್ನ ಒಳಗಿನ ಗೊಂದಲವನ್ನು ಬಿಡಿಸಿತು. ರಜೆಯ ಮೇಲೆ ಮನೆಯಲ್ಲಿರುವುದಕ್ಕೂ ಕೆಲಸವಿಲ್ಲದೆ ಮನೆಯಲ್ಲಿರುವುದಕ್ಕೂ ಇರುವ ಅಂತರವನ್ನು ದಿನಗಳ ಲೆಕ್ಕದಲ್ಲಿ ಅಳೆಯಲಾಗದು. ರಜೆಯಲ್ಲಿರುವವಳಿಗೆ ಮರಳುವ ಜಾಗವೊಂದಿದೆ, ಮರಳುವ ತಾರೀಖಿದೆ. ಕೆಲಸ ಕಳೆದುಕೊಂಡವಳು ಅದೇ ಆರು ತಿಂಗಳನ್ನು ಮಗುವಿಗೆ ಕೊಟ್ಟರೆ, ಆ ಆರು ತಿಂಗಳ ಆಚೆಗೆ ಏನಿದೆ ಎಂಬುದು ಅವಳಿಗೂ ಗೊತ್ತಿಲ್ಲ, ಅವಳ ಮನೆಯವರಿಗೂ ಗೊತ್ತಿಲ್ಲ. ನನ್ನ ಜೊತೆ ಓದಿದವರಲ್ಲಿ ಕೆಲಸವಿಲ್ಲದ ಹೊತ್ತಿನಲ್ಲಿ ಮಗು ಮಾಡಿಕೊಂಡು, ಮಗುವಿಗೆ ಎರಡಾಗಲಿ, ಶಾಲೆಗೆ ಸೇರಲಿ ಎಂದು ದಾಟುತ್ತಾ ಹೋಗಿ ಮತ್ತೆ ಕೆಲಸಕ್ಕೆ ಬರಲಾಗದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವರಲ್ಲಿ ಯಾರೂ ಕೆಲಸ ಬಿಡಬೇಕೆಂದು ತೀರ್ಮಾನಿಸಿದವರಲ್ಲ.

ವೈದ್ಯೆಯನ್ನು ಕಂಡು ಚಿಕಿತ್ಸೆ ನಿಲ್ಲಿಸುತ್ತೇವೆ ಎಂದಾಗ ಅವರು ಬೈಯಲಿಲ್ಲ. ಆ ವರ್ಷ ಇದೇ ಕಾರಣಕ್ಕೆ ನಿಲ್ಲಿಸಿದವರು ಇನ್ನೂ ಇದ್ದಾರೆ ಎಂದಷ್ಟೇ ಹೇಳಿ, ಭ್ರೂಣಗಳನ್ನು ಈಗಲೇ ಮಾಡಿ ಶೈತ್ಯದಲ್ಲಿ ಇಡಿಸುವ ದಾರಿಯೊಂದಿದೆ ಎಂದು ತಿಳಿಸಿದರು. ಸಂತಾನ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಎಆರ್‌ಟಿ ಕಾಯ್ದೆಯ ಪ್ರಕಾರ ಹತ್ತು ವರ್ಷದವರೆಗೆ ಇಡಬಹುದು. ಖರ್ಚು ಕೇಳಿದೆವು. ಚುಚ್ಚುಮದ್ದುಗಳೂ ಸೇರಿ ಎರಡು ಲಕ್ಷದ ಹತ್ತಿರ, ಮೇಲೆ ವರ್ಷ ವರ್ಷ ಇಡುವ ಶುಲ್ಕ. ಎರಡು ತಿಂಗಳು ಕೆಲಸವಿಲ್ಲದಿದ್ದರೆ ಪಿಎಫ್ ಹಣ ಪೂರ್ತಿ ತೆಗೆಯಲು ಆಗಿನ ನಿಯಮದಲ್ಲಿ ಅವಕಾಶವಿತ್ತು, ತೆಗೆದರೆ ಈ ಖರ್ಚು ತೂಗುತ್ತಿತ್ತು. ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಕೆಲಸ ಯಾವಾಗ ಸಿಗುತ್ತದೆಂದು ಗೊತ್ತಿಲ್ಲದಾಗ ಆ ಹಣ ಸಾಲದ ಕಂತಿಗೆ ಬೇಕಾಗಬಹುದಿತ್ತು, ಕೊನೆಗೆ ಒಂದಷ್ಟು ಭಾಗ ಅದಕ್ಕೇ ಹೋಯಿತು.

ಈ ನಡುವೆ ನನ್ನದಕ್ಕೆ ತದ್ವಿರುದ್ಧವಾದ ಲೆಕ್ಕವೊಂದನ್ನು ಕೇಳಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾವಲಿಗಿರುವವರ ಹೆಂಡತಿ ಮೊದಲು ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್ ಆಗಿದ್ದವಳು. 2020ರಲ್ಲಿ ಆ ಘಟಕ ಮುಚ್ಚಿತು. ಅವಳಿಗೆ ಆಗ ಎರಡನೆಯ ಮಗು ಬೇಕೆಂದಿತ್ತು, ಕೆಲಸ ಹೋದ ಮೇಲೆ ತಡಮಾಡದೆ ಹೆತ್ತಳು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ನಿಯಮದಲ್ಲಿ ಹೆರಿಗೆ ಭತ್ಯೆಗೆ ಬೇಕಾದದ್ದು ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನಗಳ ವಂತಿಗೆ. ಅದು ಅವಳ ಖಾತೆಯಲ್ಲಿತ್ತು, ಹಣ ಬಂತು. ಕೆಲಸದ ಚಿಂತೆಯಾಗಲಿಲ್ಲವೇ ಎಂದು ಕೇಳಿದೆ. 'ಹತ್ತು ವರ್ಷ ಹೊಲಿದ್ರೂ ಅದೇ ಸಂಬಳ ಕಣಕ್ಕ. ಹೊಸಬ್ರಿಗೂ ಅಷ್ಟೇ, ನಮಗೂ ಅಷ್ಟೇ. ಯಾವಾಗ್ ಹೋದ್ರೂ ಮಿಷಿನ್ ಮುಂದೆ ಕೂರಿಸ್ತಾರೆ' ಎಂದಳು. ಮಗುವನ್ನು ರಾಮನಗರದಲ್ಲಿ ತಾಯಿಯ ಹತ್ತಿರ ಬಿಟ್ಟು ಮತ್ತೆ ಬೇರೆ ಗಾರ್ಮೆಂಟ್ಸ್‌ಗೆ ಸೇರಿದ್ದಳು. ಅನುಭವಕ್ಕೆ ಬೆಲೆಯೇ ಇಲ್ಲದ ಕೆಲಸದಲ್ಲಿ ಬಿಡುವಿನಿಂದ ಕಳೆದುಕೊಳ್ಳುವುದೂ ಹೆಚ್ಚೇನಿರಲಿಲ್ಲ. ಅವಳ ಮಾತನ್ನು ಕೇಳಿ ಅವಳ ಬಗ್ಗೆ ಸಮಾಧಾನ ಪಡಬೇಕೋ, ಹತ್ತು ವರ್ಷದ ಹೊಲಿಗೆಗೆ ಬೆಲೆ ಕಟ್ಟದ ವ್ಯವಸ್ಥೆಯ ಬಗ್ಗೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಸಿಟ್ಟೇ ಹೆಚ್ಚಾಗಿತ್ತು, ಈಗಲೂ ಇದೆ.

ನಮ್ಮಿಬ್ಬರ ಈ ವ್ಯತ್ಯಾಸ ಬರಿಯ ಕಾಕತಾಳೀಯವಲ್ಲ ಎಂದು ಆಮೇಲೆ ಓದಿದ ಎರಡು ಅಧ್ಯಯನಗಳಿಂದ ತಿಳಿಯಿತು. ಆಸ್ಟ್ರಿಯಾದ ದಾಖಲೆಗಳನ್ನು ಆಧರಿಸಿ ಎಮಿಲಿಯಾ ಡೆಲ್ ಬೋನೊ, ಆಂಡ್ರಿಯಾ ವೆಬರ್ ಮತ್ತು ರುಡಾಲ್ಫ್ ವಿಂಟರ್-ಎಬ್ಮರ್ ಎಂಬ ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲಸ ಕಳೆದುಕೊಂಡ ಹೆಂಗಸರಲ್ಲಿ ಮಕ್ಕಳಾಗುವ ಪ್ರಮಾಣ ಮೂರು ವರ್ಷಗಳ ನಂತರವೂ, ಆರು ವರ್ಷಗಳ ನಂತರವೂ ಶೇ. 5ರಿಂದ 10ರಷ್ಟು ಕಡಿಮೆ ಇತ್ತು. ಈ ಇಳಿಕೆಯ ಬಹುಪಾಲು ಕಂಡದ್ದು ಕಚೇರಿ ಕೆಲಸದವರಲ್ಲಿ. ಆದಾಯ ನಿಂತದ್ದಕ್ಕಿಂತ, ವೃತ್ತಿಯ ಹಾದಿ ಕಡಿದುಹೋದದ್ದೇ ಇದಕ್ಕೆ ಕಾರಣವೆಂದು ಅವರು ತೋರಿಸುತ್ತಾರೆ. ಫಿನ್‌ಲೆಂಡಿನ ದಂಪತಿಗಳ ದಾಖಲೆ ಇಟ್ಟುಕೊಂಡು ಹುಟ್ಟುನೆನ್ ಮತ್ತು ಕೆಲ್ಲೊಕುಂಪು 2016ರಲ್ಲಿ ಪ್ರಕಟಿಸಿದ್ದು ನನ್ನನ್ನು ಇನ್ನಷ್ಟು ತಟ್ಟಿತು. ಅಲ್ಲಿ ಕೆಲಸ ಕಳೆದುಕೊಂಡ ಪ್ರತಿ 100 ಹೆಂಗಸರಿಗೆ ಸುಮಾರು 3 ಮಕ್ಕಳು ಕಡಿಮೆ ಹುಟ್ಟಿದವು, ಅದೂ ಮುಖ್ಯವಾಗಿ ಹೆಚ್ಚು ಓದಿದವರಲ್ಲಿ. ಗಂಡನ ಕೆಲಸ ಹೋದಾಗ ಸಂಸಾರದ ಆದಾಯಕ್ಕೆ ಬಿದ್ದ ಪೆಟ್ಟು ಇದಕ್ಕಿಂತ ದೊಡ್ಡದಾಗಿದ್ದರೂ, ಮಕ್ಕಳ ಒಟ್ಟು ಸಂಖ್ಯೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಆ ದೇಶಗಳಲ್ಲಿ ನಿರುದ್ಯೋಗ ಭತ್ಯೆ ಇದೆ, ಸರ್ಕಾರಿ ಆರೋಗ್ಯ ವ್ಯವಸ್ಥೆ ಇದೆ, ಹೆರಿಗೆ ಖರ್ಚಿಗೆ ಕಂಪನಿಯ ವಿಮೆಯನ್ನು ನಂಬಿ ಕೂರಬೇಕಾಗಿಲ್ಲ. ಅಷ್ಟಿದ್ದೂ ಹೆಂಗಸರು ಹಿಂಜರಿದರು ಎಂದರೆ, ಇವೇನೂ ಇಲ್ಲದ ಬೆಂಗಳೂರಿನ ಖಾಸಗಿ ನೌಕರಿಯಲ್ಲಿ ಹಿಂಜರಿಕೆ ಎಷ್ಟಿರಬೇಡ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಈ ಅಂಕಿಗೆ ಕಾರಣ ನೂರಿರಬಹುದು. ಈಗಿನ ಹೆಣ್ಣುಮಕ್ಕಳಿಗೆ ಮಕ್ಕಳೇ ಬೇಡವಾಗಿದೆ ಎಂದು ಮದುವೆ ಮನೆಗಳಲ್ಲಿ ಹೇಳುವ ಹಿರಿಯರಿಗೆ ಮಾತ್ರ ನಾನು ಈ ಸಾಲುಗಳನ್ನು ಓದಿ ಹೇಳಲು ಬಯಸುತ್ತೇನೆ.

ಕೆಲಸ ಹುಡುಕಿದ ತಿಂಗಳುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಕಷ್ಟ. ಒಂದು ಸಂದರ್ಶನವನ್ನು ಮಾತ್ರ ಬಿಡಲಾರೆ. ತಾಂತ್ರಿಕ ಸುತ್ತುಗಳು ಚೆನ್ನಾಗಿ ಆಗಿದ್ದವು. ಕೊನೆಯ ಸುತ್ತಿನಲ್ಲಿ ನನಗಿಂತ ಸ್ವಲ್ಪ ಹಿರಿಯರಾದ ಮಹಿಳೆಯೊಬ್ಬರು, ಮದುವೆಯಾಗಿ ಎಷ್ಟು ವರ್ಷವಾಯಿತು ಎಂದು ಕೇಳಿ, ಐದು ಎಂದ ಮೇಲೆ ಒಂದು ಕ್ಷಣ ಸುಮ್ಮನಿದ್ದು, 'ಈ ಪ್ರಾಜೆಕ್ಟಿಗೆ ಎರಡು ವರ್ಷ ನಿರಂತರವಾಗಿ ಇರುವವರು ಬೇಕು, ನಿಮಗೆ ಅರ್ಥವಾಗುತ್ತದೆಂದು ಭಾವಿಸುತ್ತೇನೆ' ಎಂದರು. ಅರ್ಥವಾಯಿತು. ಆಗಲ್ಲವೆಂದೂ ಹೇಳಲಿಲ್ಲ, ಆಗುತ್ತದೆಂದೂ ಹೇಳಲಿಲ್ಲ, ಆ ಕೆಲಸ ಸಿಗಲಿಲ್ಲ. ಅದೇ ವರ್ಷ ನನ್ನ ಗಂಡ ಕೂಡ ಎರಡು ಕಡೆ ಸಂದರ್ಶನ ಕೊಟ್ಟಿದ್ದರು. ಮದುವೆಯಾಗಿ ಎಷ್ಟು ವರ್ಷವಾಯಿತೆಂದು ಅವರನ್ನು ಯಾರೂ ಕೇಳಿರಲಿಲ್ಲ. ಇದನ್ನು ನಾನು ಎತ್ತಿದಾಗ ಅವರು ಬಹಳ ಹೊತ್ತು ಯೋಚಿಸಿ, 'ಹಾಗಾದರೆ ನಮ್ಮಿಬ್ಬರ ಮಗುವಿನ ಬೆಲೆಯನ್ನು ನೀನೊಬ್ಬಳೇ ಕಟ್ಟುತ್ತಿದ್ದೀಯ' ಎಂದರು. ಆ ದಿನದಿಂದ ಮನೆಯಲ್ಲಿ ಅತ್ತೆಯ ಪ್ರಶ್ನೆಗಳಿಗೆ ಉತ್ತರ ಕೊಡುವ ಕೆಲಸವನ್ನು ಅವರೇ ವಹಿಸಿಕೊಂಡರು. ಅದು ನನಗೆ ಎಷ್ಟು ದೊಡ್ಡ ಆಸರೆಯಾಯಿತೆಂದು ಹೇಳಲಾರೆ.

2023ರ ನವೆಂಬರಿನಲ್ಲಿ ಕೆಲಸ ಸಿಕ್ಕಿತು. ಹಿಂದಿನದಕ್ಕಿಂತ ಕಡಿಮೆ ಸಂಬಳ, ಆದರೆ ಗುಂಪು ವಿಮೆ ಸೇರಿದ ದಿನದಿಂದಲೇ ಇತ್ತು. ಈಗ ಮತ್ತೊಂದು ಲೆಕ್ಕ ಎದುರಾಯಿತು. ಕಾನೂನಿನ ಪ್ರಕಾರ ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸೌಲಭ್ಯ ಸಿಗುತ್ತದೆ. ಆ ಲೆಕ್ಕದಲ್ಲಿ ಸೇರಿದ ಮರುದಿನವೇ ಚಿಕಿತ್ಸೆ ಆರಂಭಿಸಬಹುದಿತ್ತು. ಆದರೆ ಆರು ತಿಂಗಳ ಪ್ರೊಬೇಷನ್ ಇತ್ತು, ಆ ಅವಧಿಯಲ್ಲಿ ಎರಡು ದಿನಕ್ಕೊಮ್ಮೆ ಬೆಳಗ್ಗೆ ಸ್ಕ್ಯಾನಿಗೆ ಹೋಗಿ ತಡವಾಗಿ ಬರುವ ಹೊಸ ಉದ್ಯೋಗಿಯನ್ನು ಮ್ಯಾನೇಜರ್ ಹೇಗೆ ನೋಡಿಯಾರು ಎಂಬ ಅಂಜಿಕೆ ಇತ್ತು. ಒಮ್ಮೆ ಕೆಲಸ ಕಳೆದುಕೊಂಡವರಲ್ಲಿ ಈ ಅಂಜಿಕೆ ಬೇಗ ಹೋಗುವುದಿಲ್ಲ. ಕ್ಯಾಲೆಂಡರಿನಲ್ಲಿ ಯಾವ ಮೀಟಿಂಗ್ ಬಂದರೂ ಎದೆ ಝಲ್ಲೆನ್ನುತ್ತಿತ್ತು. ಕಾನೂನು ಕೇಳಿದ್ದು 80 ದಿನ. ಭಯ ಕೇಳಿದ್ದು ಅದರ ಎರಡರಷ್ಟಕ್ಕಿಂತ ಹೆಚ್ಚು. ನಾವು ಭಯಕ್ಕೇ ಕೊಟ್ಟೆವು.

2024ರ ಜೂನ್‌ನಲ್ಲಿ ಮತ್ತೆ ಮಲ್ಲೇಶ್ವರಕ್ಕೆ ಹೋದಾಗ ನನಗೆ 35 ತುಂಬಿತ್ತು. ಎಎಂಎಚ್ ಗಣನೀಯವಾಗಿ ಇಳಿದಿತ್ತು. ವೈದ್ಯೆ ಎರಡೂ ವರದಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಐಯುಐನಲ್ಲಿ ಇನ್ನು ಕಾಲ ಕಳೆಯುವುದು ಬೇಡ, ನೇರವಾಗಿ ಅಂಡ ಮತ್ತು ವೀರ್ಯವನ್ನು ದೇಹದ ಹೊರಗೆ ಸೇರಿಸಿ ಭ್ರೂಣ ಮಾಡುವ ಐವಿಎಫ್‌ಗೆ ಹೋಗೋಣ ಎಂದರು. ಹಿಂದಿನ ವರ್ಷ ಐಯುಐ ಮಾಡಿಸಿದ್ದರೆ ಆಗುತ್ತಿತ್ತೇ ಎಂದು ನನ್ನ ಗಂಡ ಕೇಳಿದರು. ಆಗಬಹುದಿತ್ತು, ಆಗದೆಯೂ ಇರಬಹುದಿತ್ತು ಎಂದು ಅವರು ಪ್ರಾಮಾಣಿಕವಾಗಿ ಹೇಳಿದರು. ಐವಿಎಫ್ ಖರ್ಚು ವಿಮೆಯಲ್ಲಿ ಬರುತ್ತಿರಲಿಲ್ಲ. ಹೊಸ ಸಂಬಳದಲ್ಲಿ ಉಳಿಸಿದ್ದು, ಅಮ್ಮ ತನ್ನ ಪಿಂಚಣಿಯಿಂದ ಕೊಟ್ಟಿದ್ದು ಸೇರಿಸಿ ಕಟ್ಟಿದೆವು. ಅಂದು ಬೇಡವೆಂದಿದ್ದ ಎರಡು ಲಕ್ಷವನ್ನು ಕೊನೆಗೂ ಖರ್ಚು ಮಾಡಿದೆವು, ಆದರೆ ಒಂದು ವರ್ಷ ವಯಸ್ಸಾದ ಮೇಲೆ, ಸಿಕ್ಕ ಅಂಡಗಳು ಕಡಿಮೆಯಾದ ಮೇಲೆ.

ಮಗಳು 2025ರ ಬೇಸಿಗೆಯ ಕೊನೆಯಲ್ಲಿ ಹುಟ್ಟಿದಳು. ಗರ್ಭಿಣಿಯಾದದ್ದನ್ನು ಕಚೇರಿಯಲ್ಲಿ ತಿಳಿಸುವ ಮುನ್ನ ನನ್ನ ನೇಮಕಾತಿ ಪತ್ರ, ಪ್ರೊಬೇಷನ್ ಮುಗಿದ ಪತ್ರ, ವೈದ್ಯರ ದೃಢೀಕರಣ ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿ, ನನ್ನ ಸ್ವಂತ ಇಮೇಲಿಗೂ ಕಳಿಸಿಕೊಂಡು, ಆಮೇಲೆ ಲಿಖಿತವಾಗಿ ತಿಳಿಸಿದೆ. ಮ್ಯಾನೇಜರ್ ಅಭಿನಂದಿಸಿದರು, ರಜೆಯ ವಿಷಯದಲ್ಲಿ ಯಾವ ತೊಡಕೂ ಆಗಲಿಲ್ಲ. ಬಾಣಂತನ ಅರಕಲಗೂಡಿನಲ್ಲಿ ಆಯಿತು.

ಐವಿಎಫ್ ಮಾಡಿಸಿದಾಗ ಉಳಿದ ಭ್ರೂಣಗಳು ಆಸ್ಪತ್ರೆಯ ಶೈತ್ಯಾಗಾರದಲ್ಲಿವೆ. ವರ್ಷಕ್ಕೊಮ್ಮೆ ಶುಲ್ಕದ ಸೂಚನೆ ಬರುತ್ತದೆ. ಮುಂದುವರಿಸುತ್ತೀರೋ ಇಲ್ಲವೋ ಎಂದು ಇಬ್ಬರೂ ಸಹಿ ಮಾಡಿ ತಿಳಿಸಬೇಕು. ಇಬ್ಬರು ಮಕ್ಕಳಿರಲಿ ಎಂದು ಮದುವೆಗೆ ಮೊದಲು ಅಂದುಕೊಂಡಿದ್ದವರು ನಾವು. ಈಗ ಅತ್ತೆ ಕೂಡ ಎರಡನೆಯದರ ಮಾತೆತ್ತುವುದಿಲ್ಲ. ನನಗೆ ಇನ್ನೊಂದು ಬೇಕೆಂಬ ಆಸೆ ಹೋಗಿಲ್ಲ. ಆದರೆ ಎರಡನೆಯ ಹೆರಿಗೆಗೆ ರಜೆ ಹಾಕುವ ಹೊತ್ತಿಗೆ ಈ ಕೆಲಸದಲ್ಲಿ ನಾನು ಕನಿಷ್ಠ ಮೂರು ವರ್ಷ ಪೂರೈಸಿರಬೇಕು, ಮನೆಸಾಲ ಇನ್ನಷ್ಟು ಇಳಿದಿರಬೇಕು, ಗಂಡನ ವಿಮೆಯಲ್ಲಾದರೂ ಹೆರಿಗೆ ಸೇರಿರಬೇಕು ಎಂದು ನಾವು ಬರೆದುಕೊಂಡಿದ್ದೇವೆ, ಆ ಷರತ್ತುಗಳೆಲ್ಲ ಕೂಡಿಬರುವಾಗ ನನಗೆ 38 ದಾಟಿರುತ್ತದೆ. ಈ ವರ್ಷದ ಶುಲ್ಕ ಕಟ್ಟಿದ್ದೇವೆ. ಮುಂದಿನ ವರ್ಷದ್ದನ್ನು ಕಟ್ಟುವುದೋ ಬಿಡುವುದೋ ಎಂಬುದು, ಆ ವೇಳೆಗೆ ನನ್ನ ಕೆಲಸ ಉಳಿದಿರುತ್ತದೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.